ಹುಣಸೆಬೀಜದ ಮೇಡಂ

ಯಾರ ಮಾತು ಕೇಳಬೇಕಾದರೂ ಮೇಡಂ ಕತ್ತನ್ನು ತುಸು ಬಲಕ್ಕೆ ಹೊರಳಿಸಿ ಎಡಗಿವಿಯನ್ನು ಎದುರಿನವರ ಕಡೆ ಹಿಡಿಯುತ್ತಿದ್ದರು. ಆ ಬದಿಯ ಕೂದಲನ್ನು ಸದಾ ಕಿವಿಯ ಹಿಂದೆ ಸಿಕ್ಕಿಸಿರುತ್ತಿದ್ದರು. ತೊಗರಿಬೇಳೆಯಷ್ಟೇ ದೊಡ್ಡದಾದ ಒಂದು ಕೆಂಪು ಹರಳು ಅಲ್ಲಿ ಮಿನುಗುತ್ತಿತ್ತು. ಕೇಳುವಾಗ ಮುಖ ನೋಡುತ್ತಿರಲಿಲ್ಲ, ಕಣ್ಣು ನೆಲದ ಮೇಲಿರುತ್ತಿತ್ತು. ಮಾತು ಮುಗಿದ ಮೇಲೂ ಒಂದೆರಡು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತು, ಆಮೇಲೆ ತಲೆ ಎತ್ತುತ್ತಿದ್ದರು. ಹೇಳಿದವರಿಗೆ ತಾವು ಇನ್ನೂ ಏನೋ ಹೇಳುವುದಿತ್ತು ಅನ್ನಿಸುವುದು ಆ ಹೊತ್ತಿನಲ್ಲೇ.

ರಾಯಚೂರಿನ ಕಾಲೇಜಿನಲ್ಲಿ ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಅವರು ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಮೊದಲ ವಾರ ನಾವೆಲ್ಲ ಅವರನ್ನು ಸೊಕ್ಕಿನ ಹೆಂಗಸು ಅಂದುಕೊಂಡಿದ್ದೆವು. ವರಾಂಡದಲ್ಲಿ ನಮಸ್ಕಾರ ಹೇಳಿದರೆ ಕೇಳಿಸದವರಂತೆ ಹೋಗಿಬಿಡುತ್ತಿದ್ದರು. ಎರಡನೆಯ ವಾರ ಕ್ಲಾಸಿಗೆ ಬಂದವರು ಹಾಜರಿ ಪುಸ್ತಕ ತೆರೆಯುವ ಮೊದಲೇ ವಿಷಯ ಹೇಳಿದರು. ಚಿಕ್ಕವರಿದ್ದಾಗ ತಮ್ಮೂರು ಯಾಪಲದಿನ್ನಿಯಲ್ಲಿ ಜ್ವರ ಬಂದು ಕಿವಿ ಸೋರಿತ್ತಂತೆ, ಆಮೇಲೆ ಬಲಗಿವಿ ಕೇಳಲೇ ಇಲ್ಲವಂತೆ.

"ಬಲಕ್ಕ ನಿಂತು ನಮಸ್ಕಾರ ಮಾಡಿದ್ರ ನನಗ ಗೊತ್ತಾಗಲ್ಲ, ಸಿಟ್ಟಾಗಬ್ಯಾಡ್ರಿ," ಅಂದರು. "ಇನ್ನೊಂದು ಮಾತು. ಇಬ್ರು ಕೂಡೇ ಮಾತಾಡಿದ್ರ ನನಗ ಒಬ್ರದೂ ಕೇಳಂಗಿಲ್ಲ. ಹಂಗಾಗಿ ಈ ಕ್ಲಾಸ್‌ನ್ಯಾಗ ಒಬ್ಬೊಬ್ರೇ ಮಾತಾಡ್ಬೇಕು. ಆದ್ರ ಎಲ್ರೂ ಮಾತಾಡ್ಬೇಕು."

ಅಳುಕಿಲ್ಲದೆ, ನೀರು ಎಲ್ಲಿ ಸಿಗುತ್ತದೆ ಎಂದು ತೋರಿಸುವಷ್ಟು ಸಲೀಸಾಗಿ ಹೇಳಿದರು. ಆಮೇಲೆ ಕೈಚೀಲದಿಂದ ಹಳೆಯ ಉಪ್ಪಿನಕಾಯಿ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ತುಂಬ ತೊಳೆದು ಒಣಗಿಸಿದ ಹುಣಸೆಬೀಜಗಳಿದ್ದವು.

ಬೆಂಚುಗಳನ್ನು ಎದುರುಬದುರು ತಿರುಗಿಸಿ ಏಳೆಂಟು ಜನರ ಗುಂಪು ಮಾಡಿಸುತ್ತಿದ್ದರು. ಒಬ್ಬೊಬ್ಬರ ಕೈಗೂ ಮೂರು ಬೀಜ. ಒಮ್ಮೆ ಮಾತಾಡಿದರೆ ಒಂದು ಬೀಜವನ್ನು ನಡುವೆ ಇಡಬೇಕು. ಮೂರೂ ಖರ್ಚಾದವರು ಉಳಿದವರೆಲ್ಲರ ಬೀಜ ಖಾಲಿಯಾಗುವವರೆಗೆ ಸುಮ್ಮನಿರಬೇಕು. ಮೊದಲ ದಿನ ಮಾತಿನ ಮಲ್ಲರೆಲ್ಲ ಐದು ನಿಮಿಷದಲ್ಲೇ ಬೀಜ ಕಳೆದುಕೊಂಡು ತುಟಿ ಕಚ್ಚಿ ಕೂತರು. ಮೇಡಂ ಗುಂಪಿನಿಂದ ಗುಂಪಿಗೆ ಹೋಗಿ, ಬಲಭುಜವನ್ನು ಗೋಡೆಗೆ ಒರಗಿಸಿ, ಕಿವಿಯನ್ನು ನಮ್ಮ ಕಡೆ ಬಿಟ್ಟು ನಿಲ್ಲುತ್ತಿದ್ದರು.

ಇದಕ್ಕಿಂತ ಕಷ್ಟದ ನಿಯಮ ಇನ್ನೊಂದಿತ್ತು. ಯಾರ ಮಾತಿಗಾದರೂ ಉತ್ತರ ಕೊಡುವ ಮುಂಚೆ ಆ ಮಾತನ್ನು ನಮ್ಮ ಬಾಯಿಂದ ತಿರುಗಿ ಹೇಳಬೇಕು. ಹೇಳಿದವರು "ಹೌದು, ನಾ ಅಂದದ್ದು ಅದೇ" ಅಂದ ಮೇಲೆ ನಮ್ಮ ಮಾತು. "ಅವ್ರ ಮಾತು ಮೊದ್ಲು ಅವ್ರಿಗೆ ವಾಪಸ್ ಕೊಡು, ಆಮ್ಯಾಲ ನಿಂದು ಹೇಳು" ಎಂದು ಮೇಡಂ ದಿನಕ್ಕೆ ಹತ್ತು ಸಲವಾದರೂ ಅನ್ನುತ್ತಿದ್ದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಯಾರೋ ಕೇಳಿದ್ದಕ್ಕೆ, ಅರ್ಧ ತರಬೇತಿಯಲ್ಲಿ ಕಲಿತದ್ದು, ಅರ್ಧ ಕಿವಿ ಕಲಿಸಿದ್ದು ಅಂದಿದ್ದರು. ಕಾಲೇಜಿನ ಉಳಿದ ಮೇಷ್ಟ್ರುಗಳು ಅವರಿಗೆ ಇಟ್ಟ ಹೆಸರು ಹುಣಸೆಬೀಜದ ಮೇಡಂ. ಚೌಕಾಬಾರ ಆಡಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರಂತೆ. ಮೇಡಂಗೆ ಗೊತ್ತಿತ್ತು. ನಗುವವರು ನನ್ನ ಬಲಕ್ಕಿರುವಂತೆ ಕೂತರೆ ಆಯಿತು ಎನ್ನುತ್ತಿದ್ದರು.

ನನ್ನ ಮೂರು ಬೀಜಗಳು ಮಾತ್ರ ಬಂದ ಹಾಗೆಯೇ ಬಾಟಲಿಗೆ ಹೋಗುತ್ತಿದ್ದವು.

ನಮ್ಮ ಮನೆಮಾತು ದಖನಿ ಉರ್ದು. ಅಬ್ಬಾ ಮಾರುಕಟ್ಟೆಯಲ್ಲಿ ನಿಂಬೆಹಣ್ಣು, ಹಸಿಶುಂಠಿ ಮಾರುತ್ತಿದ್ದರು. ಹತ್ತನೆಯವರೆಗೆ ನಾನು ಓದಿದ್ದು ಉರ್ದು ಮಾಧ್ಯಮದಲ್ಲಿ. ಕನ್ನಡ ಓದಲು, ಬರೆಯಲು ಬರುತ್ತಿತ್ತು. ಬಾಯಿ ತೆರೆದರೆ ಮಾತ್ರ ಎಲ್ಲ ಕಲಸಿಹೋಗುತ್ತಿತ್ತು. ಪಿಯುಸಿಯಲ್ಲಿದ್ದಾಗ ಒಮ್ಮೆ ಕಿಟಕಿಯಿಂದ ಮೇಷ್ಟ್ರು ಬರುವುದನ್ನು ನೋಡಿ ಗೆಳತಿಯರಿಗೆ "ಸರ್ ಬಂತು" ಅಂದುಬಿಟ್ಟಿದ್ದೆ. ಅಂದಿನಿಂದ ಇಡೀ ಕ್ಲಾಸು ಎರಡು ವರ್ಷ ನನ್ನನ್ನು ನೋಡಿದಾಗಲೆಲ್ಲ "ಸರ್ ಬಂತು, ಸರ್ ಬಂತು" ಎನ್ನುತ್ತಿತ್ತು. ಹಾಗಾಗಿ ಬಿ.ಎ.ಗೆ ಬರುವಷ್ಟರಲ್ಲಿ ನಾನು ಮೂಲೆಯ ಬೆಂಚು ಹಿಡಿದು, ಬಾಯಿಪಾಠದ ಬಲದಿಂದಲೇ ಪಾಸಾಗುವುದು ಎಂದು ನಿಶ್ಚಯಿಸಿಬಿಟ್ಟಿದ್ದೆ.

ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಲಿಲ್ಲ, ಯಾಕೆ ಮಾತಾಡುವುದಿಲ್ಲ ಎಂದು ಕೇಳಲೂ ಇಲ್ಲ. ಒಂದು ತಿಂಗಳು ನೋಡಿದರು. ಆಮೇಲೆ ಒಂದು ದಿನ, ಗುಂಪಿನಲ್ಲಿ ಮಾತಾಡುವ ಮುಂಚೆ ಇಬ್ಬಿಬ್ಬರು ಜೋಡಿಯಾಗಿ ಐದು ನಿಮಿಷ ಮಾತಾಡಿಕೊಳ್ಳಬೇಕೆಂಬ ಹೊಸ ಕ್ರಮ ತಂದರು. ನನ್ನ ಜೋಡಿಯಾಗಿ ಬಾಗಲವಾಡದ ಮಲ್ಲಮ್ಮನನ್ನು ಕೂರಿಸಿದರು. ಮಲ್ಲಮ್ಮನ ಅವ್ವ ಮಾನ್ವಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ಪಕ್ಕದಲ್ಲಿ ಕೂರುವ ಬಳೆಗಾರರ ಹೆಂಗಸರಿಂದ ಮಲ್ಲಮ್ಮನಿಗೆ ದಖನಿ ಚೆನ್ನಾಗಿ ಅರ್ಥವಾಗುತ್ತಿತ್ತು. ಮೇಡಂ ಇದನ್ನು ವಿಚಾರಿಸಿಕೊಂಡೇ ಹಾಗೆ ಮಾಡಿದ್ದರು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ನಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನೀ ಮನ್ಯಾಗ ಹೆಂಗ ಮಾತಾಡ್ತಿ, ಹಂಗೇ ಈಕಿ ಮುಂದ ಹೇಳು. ಈಕಿ ಗುಂಪಿನ್ಯಾಗ ಹೇಳ್ತಾಳ. ಬೀಜ ಮಾತ್ರ ನಿಂದೇ ಇಡ್ಬೇಕು."

ಅಂದಿನ ವಿಷಯ ಪಂಚಾಯಿತಿಯ ಮಹಿಳಾ ಸದಸ್ಯರ ಬದಲು ಅವರ ಗಂಡಂದಿರು ಸಭೆಯಲ್ಲಿ ಕೂರುವುದು. ನಾನು ಮಲ್ಲಮ್ಮನ ಕಿವಿಯಲ್ಲಿ ದಖನಿಯಲ್ಲೇ ಹೇಳಿದೆ. ಗಂಡ ಕೂರುತ್ತಾನೆಂದು ಬೈಯುತ್ತೇವೆ. ಅವಳು ಬಂದರೆ ಯಾವ ಕುರ್ಚಿ ಕೊಡುತ್ತೀರಿ, ಯಾರು ಅವಳ ಮಾತು ಮುಗಿಯುವವರೆಗೆ ಸುಮ್ಮನಿರುತ್ತೀರಿ, ಅದನ್ನು ಮೊದಲು ಹೇಳಿ ಎಂದೆ. ಮಲ್ಲಮ್ಮ ಅದನ್ನು ಕನ್ನಡದಲ್ಲಿ ಹೇಳಿ, "ಇದು ಆಕಿ ಮಾತು, ನಂದಲ್ಲ ಮತ್ತ" ಎಂದು ಸೇರಿಸಿದಳು. ನನ್ನ ಕೈ ಬೆವೆತು ಬೀಜ ಅಂಟಿಕೊಂಡಿತ್ತು. ಬಿಡಿಸಿ ನಡುವೆ ಇಟ್ಟೆ. ಮೇಡಂ ಅಷ್ಟು ದೂರದಲ್ಲಿ ಇನ್ನೊಂದು ಗುಂಪಿನ ಹತ್ತಿರವಿದ್ದರು, ಆದರೆ ನೋಡಿದ್ದರು ಅನ್ನಿಸುತ್ತದೆ.

ಆ ಚಳಿಗಾಲದಲ್ಲಿ ಕಾಲುವೆ ನೀರಿನ ಚರ್ಚೆ ನಡೆಯಿತು. ನಮ್ಮ ಕಡೆ ಕಾಲುವೆಯ ಮೇಲಿನ ಊರಿನವರು ಭತ್ತಕ್ಕೆ ನೀರು ಎಳೆದುಕೊಂಡರೆ ಕೆಳಗಿನ ಊರಿಗೆ ನೀರು ಮುಟ್ಟುವುದಿಲ್ಲ. ಪ್ರತಿ ವರ್ಷದ ಜಗಳ. ಮೇಡಂ ಕ್ಲಾಸನ್ನು ಎರಡು ಪಾಲು ಮಾಡಿ, ಎಲ್ಲರಿಗೂ ಅವರವರ ಮನೆಯ ಎದುರು ಪಕ್ಷವನ್ನೇ ಕೊಟ್ಟರು. ಮಾನ್ವಿಯ ಶರಣಬಸವ ಎಂಬ ಹುಡುಗನಿದ್ದ. ಅವರದು ಅಕ್ಕಿ ಗಿರಣಿ, ಮೇಲ್ಭಾಗದಲ್ಲಿ ಗದ್ದೆ. ಜೋರು ದನಿ, ಕ್ಲಾಸಿನ ಮುಂದಾಳು. ಅವನು ಕೆಳಗಿನ ಊರಿನವರ ಪರವಾಗಿ ವಾದಿಸಬೇಕಾಯಿತು. ಮೊದಲು ಒಲ್ಲೆ ಅಂದ. ಆಮೇಲೆ ಎಂಥ ಹುರುಪು ಬಂತೆಂದರೆ, ಭಾನುವಾರ ಬಸ್ಸು ಹತ್ತಿ ಕೆಳಗಿನ ಒಂದು ಹಳ್ಳಿಗೆ ಹೋಗಿ ಅಲ್ಲಿಯವರನ್ನು ಮಾತಾಡಿಸಿಕೊಂಡು ಬಂದ. ಅವತ್ತು ಅವನ ವಾದಕ್ಕೆ ನಾವೆಲ್ಲ ಬೆರಗಾದೆವು.

ಆದರೆ ಅವನು ಅದೇ ವಾದವನ್ನು ಮನೆಯಲ್ಲೂ ಮಾಡಿದ. ಊಟಕ್ಕೆ ಕೂತಾಗ ಅಪ್ಪನಿಗೆ ಎದುರಾಡಿದ. ಕಾಲೇಜಿಗೆ ಕಳಿಸಿದ್ದು ಇದನ್ನು ಕಲಿಯಲಿಕ್ಕಾ ಎಂದು ಅಪ್ಪ ತಾಟು ಸರಿಸಿ ಎದ್ದುಹೋದರಂತೆ. ಅದೇ ವಾರ ಕಿರುಪರೀಕ್ಷೆಯ ಫಲಿತಾಂಶ ಬಂದಿತ್ತು. ರಾಜ್ಯಶಾಸ್ತ್ರದಲ್ಲಿ ಅರ್ಧ ಕ್ಲಾಸು ಫೇಲಾಗಿತ್ತು, ಶರಣಬಸವನೂ ಕೂಡ. ಬೇರೆ ವಿಷಯಗಳಿಗೆ ಮೇಷ್ಟ್ರುಗಳು ಬರೆಸಿದ ನೋಟ್ಸು ನಮ್ಮ ಹತ್ತಿರ ಇರುತ್ತಿತ್ತು. ಇದಕ್ಕೆ ಮಾತ್ರ ಏನೂ ಇರಲಿಲ್ಲ.

ಪ್ರಿನ್ಸಿಪಾಲರಿಗೆ ಒಂದು ದೂರು ಪತ್ರ ತಯಾರಾಯಿತು. ಮೇಡಂ ಪಾಠ ಮಾಡುವುದಿಲ್ಲ, ನೋಟ್ಸ್ ಕೊಡುವುದಿಲ್ಲ, ಆಟ ಆಡಿಸಿ ವರ್ಷ ಕಳೆಯುತ್ತಾರೆ ಎಂದು ಶರಣಬಸವನೇ ಬರೆದ. ಪತ್ರ ಬೆಂಚಿನಿಂದ ಬೆಂಚಿಗೆ ಬಂತು. ಮಲ್ಲಮ್ಮ ಓದಿ ಹಾಗೆಯೇ ದಾಟಿಸಿದಳು. ನಾನು ಸಹಿ ಹಾಕಿದೆ. ಮಲ್ಲಮ್ಮ ನನ್ನ ಮುಖ ನೋಡಿದಳು. ಆ ಸಹಿಯನ್ನು ನಾನು ಉರ್ದುವಿನಲ್ಲಿ ಹಾಕಿದ್ದೆ. ಇಡೀ ಹಾಳೆಯಲ್ಲಿ ಹಾಗಿದ್ದದ್ದು ಅದೊಂದೇ ಎಂಬುದು ಮನೆಗೆ ಹೋದ ಮೇಲೆ ಹೊಳೆಯಿತು.

ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ಮೇಡಂ ಅವರನ್ನು ಕರೆಸಿ, ಪರೀಕ್ಷೆಯವರೆಗೆ ಸುಮ್ಮನೆ ನೋಟ್ಸ್ ಬರೆಸಿ ಮುಗಿಸಿರಿ, ಈ ಗೊಂದಲ ಬೇಡ ಅಂದರಂತೆ. ಮೇಡಂ ಒಂದು ದಿನದ ಸಮಯ ಕೇಳಿದರು. ಹುಡುಗರನ್ನು ಕೇಳಿ ಬಂದು ಹೇಳುತ್ತೇನೆ ಅಂದರು.

ಮಾರನೆಯ ದಿನ ಕ್ಲಾಸಿನಲ್ಲಿ ಎಂಟು ಕುರ್ಚಿಗಳು ನಡುವೆ ದುಂಡಗೆ ಇದ್ದವು, ಉಳಿದ ಬೆಂಚುಗಳು ಅವುಗಳ ಸುತ್ತ. ದೂರಿನ ಪತ್ರದ ನಕಲು ನಡುವಿನ ಸ್ಟೂಲಿನ ಮೇಲೆ. ಸಹಿಗಳಿದ್ದ ಭಾಗವನ್ನು ಒಳಕ್ಕೆ ಮಡಿಚಿಟ್ಟಿದ್ದರು.

"ಯಾರ್ಯಾರು ಸಹಿ ಹಾಕೀರಿ ಅಂತ ನಾ ಕೇಳಂಗಿಲ್ಲ," ಅಂದರು ಮೇಡಂ. "ನಾ ಹೆಂಗ ಕಲಿಸ್ಬೇಕು ಅನ್ನೋದೇ ಇವತ್ತಿನ ವಿಷಯ. ಒಳಗ ಕುಂದ್ರಾಕ ಮನಸಿದ್ದವ್ರು ಬರ್ರಿ. ನನಗ ಇವತ್ತು ಬೀಜ ಇಲ್ಲ. ನಾ ಹೊರಗ ಕುಂದ್ರತೀನಿ, ನೀವು ಏನಂದ್ರೂ ಕೇಳ್ತೀನಿ."

ಅಂದು ಅವರು ಗೋಡೆಯ ಪಕ್ಕದ ಕೊನೆಯ ಬೆಂಚಿನ ತುದಿಯಲ್ಲಿ ಕೂತರು, ವಿದ್ಯಾರ್ಥಿಗಳ ನಡುವೆ, ಮಡಿಲಲ್ಲಿ ಕೈಕಟ್ಟಿಕೊಂಡು. ಮಲ್ಲಮ್ಮ ಎದ್ದವಳು ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಒಳಗಿನ ಕುರ್ಚಿಗೆ ಹೋದಳು. ಬೇಡವೆನ್ನಲು ನನ್ನ ಬಾಯಿಂದ "ನಕ್ಕೋ" ಎಂದು ದಖನಿಯೇ ಹೊರಟಿತು, ಅವಳು ಕೇಳಲಿಲ್ಲ.

ಶರಣಬಸವ ಮೊದಲು ಮಾತಾಡಿದ. ಅನ್ಯಾಯವಾಗಿ ಏನೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಐದು ಅಂಕದ, ಹತ್ತು ಅಂಕದ ಉತ್ತರ, ಅಲ್ಲಿ ಚರ್ಚೆಗೆ ಅಂಕವಿಲ್ಲ ಅಂದ. ಇಬ್ಬರು ಮೂವರು ತಲೆಯಾಡಿಸಿದರು. ಮಲ್ಲಮ್ಮ ಅವನ ಮಾತನ್ನು ತಿರುಗಿ ಹೇಳಿ, ತನ್ನ ಊರಿನ ಸಭೆಯಲ್ಲಿ ತಾನು ಮೊನ್ನೆ ಎದ್ದು ನಿಂತು ರಸ್ತೆಯ ಬಗ್ಗೆ ಕೇಳಿದ್ದನ್ನು ಹೇಳಿದಳು. ಅದು ಈ ಕ್ಲಾಸಿನಿಂದಲೇ ಬಂದದ್ದು ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಅವಳ ಕಿವಿಗೆ ಬಾಗಿದೆ. ಅವಳು ತಲೆ ಹಿಂದಕ್ಕೆ ತೆಗೆದುಕೊಂಡುಬಿಟ್ಟಳು.

ಕೊನೆಗೆ ಬೀಜವನ್ನು ಮೊದಲು ಇಟ್ಟು, ಮಾತನ್ನು ಆಮೇಲೆ ಆಡಿದೆ.

"ನಾನೂ ಸಹಿ ಹಾಕೀನಿ. ನೋಟ್ಸ್ ಇದ್ರ ಬಾಯಿಪಾಠ ಮಾಡ್ತೀನಿ, ಪಾಸ್ ಆಗ್ತೀನಿ. ನನಗ ಕನ್ನಡ ಮಾತಾಡಾಕ ಬರಲ್ಲ ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಗೊತ್ತಾಗ್ತದ. ಅದಕ್ಕ ಹೆದ್ರಿ ಹಾಕೀನಿ. ಆದ್ರ ನೋಟ್ಸ್ ಅಷ್ಟೇ ಆದ್ರ ನಾ ಮತ್ತ ಮೂಲ್ಯಾಗ ಕುಂದ್ರತೀನಿ. ಮೂರು ವರ್ಷ ಆದ್ರೂ ಹಿಂಗೇ ಇರ್ತೀನಿ."

ನಡುವೆ ಎಷ್ಟೋ ತಪ್ಪಿದೆ, ತಡವರಿಸಿದೆ. ಇಲ್ಲಿ ತಿದ್ದಿ ಬರೆದಿದ್ದೇನೆ. ಉತ್ತರ ಕೊಡುವ ಸರದಿ ಶರಣಬಸವನದು. ಅವನು ನಿಯಮದ ಪ್ರಕಾರ ನನ್ನ ಮಾತು ತಿರುಗಿ ಹೇಳಿದ. ಆಕೆಗೆ ಕನ್ನಡ ಬರುವುದಿಲ್ಲವಂತೆ, ಅದಕ್ಕೆ ನೋಟ್ಸ್ ಬೇಕಂತೆ ಅಂದ.

"ಅಲ್ಲ," ಅಂದೆ ನಾನು. "ನಾ ಹಂಗ ಅಂದಿಲ್ಲ."

ಅದಕ್ಕೆ ಮುಂಚೆ ಜನ್ಮದಲ್ಲಿ ನಾನು ಯಾರಿಗೂ ಹಾಗೆ ಅಂದವಳಲ್ಲ. ಅವನು ಮೇಡಂ ಕಡೆ ನೋಡಿದ. ಮೇಡಂ ನೆಲ ನೋಡುತ್ತಿದ್ದರು. ಇನ್ನೊಮ್ಮೆ ಶುರು ಮಾಡಿದ, ಈ ಸಲ ನಿಧಾನವಾಗಿ. "ನೋಟ್ಸ್ ಬೇಕು ಅಂತಾಳ, ಯಾಕಂದ್ರ ಹೆದ್ರಿಕಿ ಅದ. ಆದ್ರ ನೋಟ್ಸ್ ಒಂದೇ ಆದ್ರ ಆ ಹೆದ್ರಿಕಿ ಆಕಿನ್ನ ಬಿಡಂಗಿಲ್ಲ. ಹೌದಾ?"

ಹೌದು ಅಂದೆ. ಅವನು ತನ್ನ ಬೀಜವನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಆಮೇಲೆ ತನ್ನ ಮಾತು ಹೇಳಿದ. ಫೇಲಾದರೆ ಅಪ್ಪ ಕಾಲೇಜು ಬಿಡಿಸಿ ಗಿರಣಿಯಲ್ಲಿ ಕೂರಿಸುತ್ತಾರೆ, ತನಗೆ ಓದಬೇಕಾಗಿದೆ, ಪತ್ರ ಬರೆದದ್ದು ಆ ಭಯಕ್ಕೆ ಎಂದ. ಜೋರು ದನಿಯ ಹುಡುಗ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅವನ ಮಾತನ್ನು ಅವನಿಗೆ ತಿರುಗಿ ಹೇಳುವ ಸರದಿ ನನಗೆ ಬಂತು. ಹೇಳಿದೆ. ಸರಿ ಎಂದು ಒಪ್ಪಿದ.

ಗಂಟೆ ಹೊಡೆಯುವಷ್ಟರಲ್ಲಿ ಕ್ಲಾಸೇ ತೀರ್ಮಾನಕ್ಕೆ ಬಂತು. ವಾರದಲ್ಲಿ ಎರಡು ದಿನ ನೋಟ್ಸ್, ಉಳಿದ ದಿನ ಗುಂಪು. ನೋಟ್ಸನ್ನು ಚರ್ಚೆಯಾದ ಮೇಲೆ ಬರೆಸಬೇಕು, ಮುಂಚೆ ಅಲ್ಲ. ಮೇಡಂ ಎದ್ದು ಬಂದು ಅದನ್ನು ಬೋರ್ಡಿನ ಮೇಲೆ ಬರೆದರು, ಪ್ರಿನ್ಸಿಪಾಲರಿಗೂ ಅಷ್ಟನ್ನೇ ಹೇಳಿದರು. ಎಲ್ಲರೂ ಹೊರಟ ಮೇಲೆ ನಾನು ಕ್ಷಮೆ ಕೇಳಲು ನಿಂತೆ. ನೆನಪಿಟ್ಟುಕೊಂಡು ಎಡಕ್ಕೇ ನಿಂತೆ.

"ಸಹಿ ಹಾಕಿದ್ದು ತಪ್ಪಲ್ಲ ಯವ್ವಾ," ಅಂದರು. "ಯಾಕ ಹಾಕಿದಿ ಅಂತ ಹೇಳ್ದ ಹೋಗಿದ್ರ ನನಗ ಬ್ಯಾಸರಾಗ್ತಿತ್ತು." ಆಮೇಲೆ, ಉರ್ದು ಅಕ್ಷರ ದುಂಡಗಿದೆ ಎಂದು ನಕ್ಕರು.

ಆ ವರ್ಷದ ಫಲಿತಾಂಶ ಅಂಥ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಶರಣಬಸವ ಪಾಸಾದ, ನಾನೂ ಆದೆ, ಕೆಲವರು ಆಗಲಿಲ್ಲ. ಬೇಸಿಗೆಯಲ್ಲಿ ಮೇಡಂಗೆ ದೇವದುರ್ಗಕ್ಕೆ ವರ್ಗವಾಯಿತು. ದೂರಿನ ಕಾರಣಕ್ಕೋ, ವರ್ಷ ತುಂಬಿದ್ದಕ್ಕೋ, ನಮಗೆ ತಿಳಿಯಲಿಲ್ಲ. ಮಲ್ಲಮ್ಮ ಅವತ್ತು ಬಹಳ ಅತ್ತಳು. ಅವರ ಜಾಗಕ್ಕೆ ಬಂದವರು ಚೆನ್ನಾಗಿ ನೋಟ್ಸ್ ಬರೆಸಿದರು.

ನಾನು ಎಂ.ಎ. ಮುಗಿಸಿ, ಅತಿಥಿ ಉಪನ್ಯಾಸಕಿಯಾಗಿ ಅದೇ ದೇವದುರ್ಗದ ಕಾಲೇಜಿಗೆ ಹೋದಾಗ ಮೇಡಂ ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ರಾಯಚೂರಿನಿಂದ ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಜೊತೆಗೆ ಹೋಗುತ್ತಿದ್ದೆವು. ಬಸ್ಸಿನ ಬಲಬದಿಯ ಕಿಟಕಿ ಅವರದು. ಅಲ್ಲಿ ಕೂತರೆ ಕೇಳುವ ಕಿವಿ ನನ್ನ ಕಡೆ ಇರುತ್ತಿತ್ತು. ಕೆಲವು ದಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಮಂಡಕ್ಕಿ ತಿಂಡಿ ಮಂಡಾಳ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ತಿನ್ನುತ್ತ ಹೋಗುತ್ತಿದ್ದೆವು. ಮಿರ್ಚಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು.

ನನ್ನ ಮೊದಲ ಪಾಠಕ್ಕೆ ಅವರು ಕೊನೆಯ ಬೆಂಚಿನಲ್ಲಿ ಬಂದು ಕೂತರು. ಒಂದು ವಾರ ತಯಾರಿ ಮಾಡಿದ್ದೆ. ಎಲ್ಲೂ ತಡೆಯದೆ, ಒಂದೇ ಒಂದು ತಪ್ಪಿಲ್ಲದ ಕನ್ನಡದಲ್ಲಿ ಒಂದು ತಾಸು ಮಾತಾಡಿದೆ. ಹೊರಗೆ ಬಂದು ಅವರ ಮುಖ ನೋಡಿದೆ, ಮೆಚ್ಚಿಕೊಳ್ಳಲಿ ಎಂದು.

"ಭಾಳ ಛಲೋ ಮಾತಾಡಿದಿ," ಅಂದರು. "ಹುಡುಗ್ರು ಏನಂದ್ರು?"

ಒಂದು ತಾಸು ಹುಡುಗರು ಏನೂ ಅಂದಿರಲೇ ಇಲ್ಲ. ಮೂಲೆಯಲ್ಲಿ ಯಾರು ಕೂತಿದ್ದರೆಂದು ಕೂಡ ನಾನು ನೋಡಿರಲಿಲ್ಲ. ಮಾತು ಬಂದ ಖುಷಿಯಲ್ಲಿ ಬೇರೆಯವರ ಬಾಯಿ ಮುಚ್ಚಿಸಿ ನಿಂತಿದ್ದೆ. ಮರುದಿನ ಬೆಂಚು ತಿರುಗಿಸಿದೆವು. ಆ ಮೂರು ವರ್ಷ ಅವರ ಜೊತೆಯಲ್ಲಿ ನಾನು ಕಲಿತದ್ದು ಮುಖ್ಯವಾಗಿ ಸುಮ್ಮನಿರುವುದನ್ನು. ಗುಂಪು ಎಡವಿದಾಗ ಕೈ ಹಾಕದೆ ಕಾಯುವುದು, ತಪ್ಪು ಮಾತು ಬಂದರೂ ಇನ್ನೊಬ್ಬ ವಿದ್ಯಾರ್ಥಿ ಅದನ್ನು ಹಿಡಿಯುವವರೆಗೆ ತಾಳುವುದು. ಹೇಳಿಕೊಡುವುದಕ್ಕಿಂತ ಅದು ಎಷ್ಟೋ ಪಟ್ಟು ದಣಿಸುವ ಕೆಲಸ. ಈಗಲೂ ಕೆಲವು ದಿನ ನನಗೆ ಆಗುವುದಿಲ್ಲ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಕಾಯಿಲೆ ಬೇಗ ಬೇಗ ಮುಗಿಸಿತು. ಮದುವೆಯಾಗಿರಲಿಲ್ಲ. ಯಾಪಲದಿನ್ನಿಯಲ್ಲಿ ಅಣ್ಣನ ಹೊಲದಲ್ಲಿ ಮಣ್ಣು ಮಾಡಿದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಂಪು ಮಣ್ಣಿನ ಮೇಲೆ ವಿಭೂತಿ, ಬಿಲ್ವಪತ್ರೆ. ಮನೆಯ ಪಡಸಾಲೆಯಲ್ಲಿ ಹೆಂಗಸರು, ಗಂಡಸರು ಸುಮ್ಮನೆ ಕೂತಿದ್ದರು. ಅಲ್ಲಿ ನನ್ನನ್ನು ಗುರುತಿಸುವವರು ಯಾರೂ ಇರಲಿಲ್ಲ. ಯಾರೆಂದು ಕೇಳಿದಾಗ, ಅವರ ವಿದ್ಯಾರ್ಥಿನಿ, ಈಗ ಅವರ ಹಾಗೆಯೇ ಕಲಿಸುತ್ತೇನೆ ಎಂದು ಹೇಳಿದೆ.

ಮೇಡಂನ ಅಣ್ಣ ಎಪ್ಪತ್ತು ದಾಟಿದ ರೈತ. ಕಂಬಕ್ಕೆ ಒರಗಿ ಕೂತಿದ್ದವರು ಎದ್ದು ಬಂದು ನನ್ನ ಮುಂದೆ ಕೂತರು. "ಮನ್ಯಾಗ ಆಕಿ ಭಾಳ ಮಾತಾಡ್ತಿದ್ದಿಲ್ಲ ಯವ್ವಾ," ಅಂದರು. "ಕಿವಿ ಕೇಳಂಗಿಲ್ಲಂತ ನಾವೂ ಅಷ್ಟು ಮಾತಾಡಿಸ್ಲಿಲ್ಲ. ಕಾಲೇಜಿನ್ಯಾಗ ಆಕಿ ಏನು ಕಲಿಸ್ತಿದ್ಲು, ನಮಗೊಬ್ರಿಗೂ ಗೊತ್ತಿಲ್ಲ. ನೀ ಹೇಳು."

ನನಗೆ ಅಳು ಬಂತು. ಆದರೆ ಅವರು ಕಾಯುತ್ತಿದ್ದರು, ಮನೆಯವರೆಲ್ಲ ನನ್ನ ಕಡೆ ತಿರುಗಿದ್ದರು. ಮೊದಲ ದಿನದ ಕ್ಲಾಸಿನಿಂದ ಶುರು ಮಾಡಿದೆ. ಮಲ್ಲಮ್ಮನ ವಿಷಯ ಹೇಳಿದೆ, ಶರಣಬಸವ ತನ್ನ ಅಪ್ಪನೊಂದಿಗೆ ಜಗಳಾಡಿದ್ದು ಹೇಳಿದೆ. ಅಲ್ಲಿ ಅಣ್ಣ ನಕ್ಕರು. ನಾನು ಸಹಿ ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಅಡುಗೆಮನೆಯಲ್ಲಿದ್ದ ಸೊಸೆಯಂದಿರು ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ಒಂದು ಕಡೆ ನಾನು ನಿಲ್ಲಿಸಿದೆ, ಬಹಳವಾಯಿತೇನೋ ಅನ್ನಿಸಿ. ಅಣ್ಣ ನೆಲ ನೋಡುತ್ತಲೇ, "ಮುಂದ?" ಅಂದರು. ಹೊರಗೆ ರಾಯಚೂರಿಗೆ ಹೋಗುವ ಸಂಜೆಯ ಬಸ್ಸು ಬಂದು ನಿಂತ ಸದ್ದು ಕೇಳಿತು. ಯಾರೋ ನನಗೆ ಸನ್ನೆ ಮಾಡಿದರು. ಹೋಗಲಿ ಬಿಡಿ ಅಂದೆ. ಬಸ್ಸು ಹೋಯಿತು. ನಾನು ಮುಂದಿನದನ್ನು ಹೇಳತೊಡಗಿದೆ.